ಮರದ ಕಪ್ಪೆ ಕೆತ್ತಿದ ಜೇನುಗಾರ

ನನ್ನ ಆಫೀಸು ಮೇಜಿನ ಕೆಳಗಿನ ಡ್ರಾಯರಿನಲ್ಲಿ ಒಂದು ಹಸಿರು ಕಪ್ಪೆ ಇದೆ. ಮೆತ್ತನೆಯ ಪ್ಲಾಸ್ಟಿಕ್ಕಿನದು. ಹೊಟ್ಟೆ ಬಿಳಿ, ಬೆನ್ನ ಮೇಲೆ ಕಪ್ಪು ಚುಕ್ಕೆ, ಹಿಂದೆ ಎರಡು ಉದ್ದ ಕಾಲು. ಕಳೆದ ತಿಂಗಳು ಎಚ್‌ಆರ್‌ನವರು ಕರೆದು, ಐವತ್ತು ದಾಟಿದವರಿಗಾಗಿ ಮಾಡಿದ ಸ್ವಇಚ್ಛಾ ನಿವೃತ್ತಿ ಯೋಜನೆಯ ಅರ್ಜಿಯನ್ನು ಕೈಗಿಟ್ಟರು. ವಾಪಸು ಬಂದು ಅದನ್ನು ಡ್ರಾಯರಿಗೆ ಹಾಕಲು ಹೋದಾಗ ಮೊದಲು ಕೈಗೆ ಸಿಕ್ಕಿದ್ದು ಈ ಕಪ್ಪೆಯೇ. ಅರ್ಜಿಯನ್ನು ಅದರ ಕೆಳಗಿಟ್ಟೆ. ಸ್ವಇಚ್ಛಾ ಎನ್ನುವ ಪದ ಬರೀ ಹೆಸರಿಗೆ ಎಂದು ಇಲ್ಲಿ ಓದುವ ಅನೇಕರಿಗೆ ಗೊತ್ತಿರುತ್ತದೆ. ನನಗೀಗ 53.

ಹೈದರಾಬಾದಿಗೆ ಬಂದು ಇಪ್ಪತ್ತಾರು ವರ್ಷವಾಯಿತು. ತೀರ್ಥಹಳ್ಳಿ ಕಡೆಯವನು. ಭಾನುವಾರ ಬೆಳಿಗ್ಗೆ ಐದಕ್ಕೆ ಎದ್ದು ಚೇವೆಳ್ಳ ರಸ್ತೆಯ ಕಡೆ ಹೋಗಿ, ಅಲ್ಲೊಂದು ಕೆರೆಯಲ್ಲಿ ಊರ ಮೀನುಗಾರ ಸಂಘದವರಿಗೆ ಕೊಡಬೇಕಾದ್ದು ಕೊಟ್ಟು ಗಾಳ ಹಾಕುತ್ತೇನೆ. ಹುಡುಕುವುದು ಕೊರವ ಮೀನನ್ನು. ಇಲ್ಲಿ ಅದು ಕೊರ್ರಮೀನು, ಚೆನ್ನೈಯವರಿಗೆ ವಿರಾಲ್. ಮೃಗಶಿರಾ ಕಾರ್ತೆಯ ದಿನ ನಾಂಪಲ್ಲಿ ಮೈದಾನದಲ್ಲಿ ಉಬ್ಬಸದ ರೋಗಿಗಳು ಸಾಲುಗಟ್ಟಿ ನಿಂತು ಔಷಧಿಯ ಜತೆ ಜೀವಂತ ನುಂಗುವ ಮರಿಮೀನು ಇದೇ. ತೆಲಂಗಾಣದ ರಾಜ್ಯ ಮೀನು ಕೂಡ. ತಾವರೆ ಎಲೆ, ಹುಲ್ಲು, ಕೆಸರು, ಕಳೆ ಎಲ್ಲಿ ದಟ್ಟವೋ ಅಲ್ಲೇ ಅದರ ವಾಸ. ತಲೆಯೊಳಗಿನ ಒಂದು ಗೂಡಿನಿಂದ ಗಾಳಿ ಉಸಿರಾಡಬಲ್ಲದಾದ್ದರಿಂದ ಆಗಾಗ ಮೇಲೆ ಬಂದು ಗುಳುಂ ಎಂದು ಗಾಳಿ ನುಂಗಿ ಹೋಗುತ್ತದೆ. ಗಾಳಗಾರನ ಕಿವಿ ಕಾಯುವುದು ಆ ಸದ್ದಿಗೆ. ಅದರ ಮುಖ್ಯ ಆಹಾರಗಳಲ್ಲಿ ಕಪ್ಪೆ ಒಂದು.

ನಾನು ಹುಡುಗನಾಗಿದ್ದಾಗ ಜೀವಂತ ಕಪ್ಪೆಯನ್ನೇ ಕಟ್ಟುತ್ತಿದ್ದೆವು. ಸೋದರಮಾವ ಗದ್ದೆ ಬದುವಿನಲ್ಲಿ ಮರಿಕಪ್ಪೆ ಹಿಡಿದು, ಬೆನ್ನ ಚರ್ಮಕ್ಕೆ ಮಾತ್ರ ಗಾಳ ಚುಚ್ಚಿ ನೀರಿಗೆ ಬಿಡುತ್ತಿದ್ದರು. ಮಾಂಸಕ್ಕೆ ತಾಗಬಾರದು, ತಾಗಿದರೆ ಬೇಗ ಸಾಯುತ್ತದೆ, ಸತ್ತ ಕಪ್ಪೆಯನ್ನು ಕೊರವ ಮೂಸುವುದಿಲ್ಲ. ಅದು ಹಗ್ಗದ ತುದಿಯಲ್ಲಿ ಈಜುತ್ತಾ ಈಜುತ್ತಾ ಸುಸ್ತಾಗಿ ಎಲೆಯ ಮೇಲೆ ಹತ್ತಿ ಕೂರುತ್ತಿತ್ತು, ಮಾವ ಕೋಲಿನಿಂದ ತಟ್ಟಿ ಮತ್ತೆ ಇಳಿಸುತ್ತಿದ್ದರು. ಆಗ ನನಗೇನೂ ಅನ್ನಿಸಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಅನ್ನಿಸಿತ್ತು, ಹೇಳಲಿಲ್ಲ ಅಷ್ಟೆ. ಈಗ ಕಾನೂನೂ ಕಪ್ಪೆಯ ಪರವಾಗಿದೆ. ಕಪ್ಪೆಗಾಲಿನ ರಫ್ತನ್ನೂ 1987ರಲ್ಲಿ ನಿಲ್ಲಿಸಿದರು. ನಮ್ಮ ಗೋಂಕರು ಕಪ್ಪೆಗಳು ಆ ಕಾಲದಲ್ಲಿ ಚೀಲಗಟ್ಟಲೆ ಹೋದವಂತೆ.

ಪ್ಲಾಸ್ಟಿಕ್ ಕಪ್ಪೆ ಕಟ್ಟುವುದಕ್ಕೂ ಒಂದು ಹದ ಇದೆ. ಮೊದಲ ಎರಡು ತಿಂಗಳು ನಾನು ಬೇಕಾಬಿಟ್ಟಿ ಕಟ್ಟಿ ಕಳೆದುಕೊಂಡ ಮೀನುಗಳ ಲೆಕ್ಕ ಇಟ್ಟಿಲ್ಲ. ಕುತ್ತಿಗೆಯ ಹತ್ತಿರ ಮೆಟ್ಟಿಲಿನ ಹಾಗೆ ಮಡಿಕೆಯಿರುವ, ಬಾಯಿ ಅಗಲವಾದ ಗಾಳ ಬೇಕು. 4/0 ಅಥವಾ 5/0 ಅಳತೆ. ಮೊನೆಯನ್ನು ಕಪ್ಪೆಯ ಮೂತಿಯ ನಟ್ಟನಡುವೆ ಚುಚ್ಚಿ, ಅರ್ಧ ಬೆರಳಿನಷ್ಟು ಒಳಗೆ ಹೋದ ಮೇಲೆ ಗದ್ದದ ಕೆಳಗೆ ಹೊರತೆಗೆಯಬೇಕು. ಗಾಳವನ್ನು ಪೂರ್ತಿ ಎಳೆದು, ಅರ್ಧ ಸುತ್ತು ತಿರುಗಿಸಿ, ಆ ಮೆಟ್ಟಿಲು ಮೂತಿಯೊಳಗೆ ಕೂರುವ ಹಾಗೆ ಮಾಡಬೇಕು. ಈಗ ಗಾಳ ಹೊಟ್ಟೆಯ ಕೆಳಗೆ ನೇತಾಡುತ್ತದೆ. ಅದನ್ನು ಹೊಟ್ಟೆಗೆ ಆನಿಸಿ ಹಿಡಿದು, ಬಾಗು ಎಲ್ಲಿಗೆ ಬರುತ್ತದೆ ಎಂದು ಕಣ್ಣಲ್ಲೇ ಗುರುತು ಹಾಕಿಕೊಂಡು, ಅಲ್ಲಿಂದ ನೇರ ಮೇಲಕ್ಕೆ ಬೆನ್ನಿನವರೆಗೆ ಚುಚ್ಚಬೇಕು. ಮೊನೆ ಬೆನ್ನಿನಿಂದ ಹೊರಬಂದ ಮೇಲೆ ಅದರ ತುದಿಯನ್ನು ಮಾತ್ರ ಮೇಲುಚರ್ಮದಲ್ಲಿ ಕೂದಲೆಳೆಯಷ್ಟು ಹುದುಗಿಸಿಡಬೇಕು. ಹುಲ್ಲಿಗೆ ಸಿಕ್ಕಿಕೊಳ್ಳಬಾರದು, ಮೀನು ಕಚ್ಚಿ ಮೈ ಅದುಮಿದರೆ ತಾನಾಗಿ ಹೊರಬರಬೇಕು. ಕಪ್ಪೆ ಒಂದಿಷ್ಟೂ ಸೊಟ್ಟಗಿರಕೂಡದು. ಗುರುತು ಎರಡು ಮಿಲಿಮೀಟರ್ ಹಿಂದಾದರೆ ಬೆನ್ನು ಗೂನಾಗುತ್ತದೆ, ಎಳೆಯುವಾಗ ಗಿರಗಿರ ತಿರುಗಿ ದಾರವನ್ನು ಹುರಿ ಹಾಕುತ್ತದೆ.

ಒಳಗೆ ಟೊಳ್ಳಿರುವ ಕಪ್ಪೆಗಳದು ಬೇರೆ ಲೆಕ್ಕ. ಅವಕ್ಕೆ ಜೋಡಿ ಗಾಳ ಮೊದಲೇ ಬೆನ್ನಿಗೆ ತಬ್ಬಿಕೊಂಡಿರುತ್ತದೆ. ಕಾಲಿನ ಬದಲಿರುವ ರಬ್ಬರ್ ಎಳೆಗಳಲ್ಲಿ ಒಂದು ಕಡೆಯದನ್ನು ಸ್ವಲ್ಪ ಕತ್ತರಿಸಿದರೆ ಎಡಕ್ಕೂ ಬಲಕ್ಕೂ ಒಲೆದಾಡುತ್ತಾ ಬರುತ್ತದೆ. ಹೊಟ್ಟೆಯೊಳಗೆ ನೀರು ಹೋದರೆ ಆಗಾಗ ಹಿಂಡಬೇಕು. ದಾರ ಹೆಣೆದದ್ದೇ ಇರಲಿ, ನಲವತ್ತು ಪೌಂಡಿಗಿಂತ ಕಡಿಮೆ ಬೇಡ, ಕಳೆಯ ಸಮೇತ ಎಳೆಯಬೇಕಾಗುತ್ತದೆ. ನೀರು ಸಿಡಿದ ಕೂಡಲೇ ಕೋಲು ಎತ್ತುವವನು ಮೀನಿನ ಬಾಯಿಂದ ಕಪ್ಪೆಯನ್ನು ಕಿತ್ತುಕೊಳ್ಳುತ್ತಾನೆ. ಒಂದು, ಎರಡು ಎಂದು ಮನಸ್ಸಿನಲ್ಲೇ ಎಣಿಸಿ, ದಾರದಲ್ಲಿ ಭಾರ ಬಂದ ಮೇಲೆ ಎಳೆಯಬೇಕು. ಇದು ಹೇಳುವುದಕ್ಕೆ ಸುಲಭ. ಇನ್ನೊಂದು ಮಾತು: ನೀರ ಮೇಲೆ ಕೆಂಪು ಮರಿಗಳ ಮುದ್ದೆ ಕುದಿಯುವಂತೆ ಕಂಡರೆ ಅಲ್ಲಿಗೆ ಕಪ್ಪೆ ಎಸೆಯಬೇಡಿ. ಕೆಳಗೆ ತಾಯಿತಂದೆ ಕಾವಲಿರುತ್ತವೆ. ಅವು ಹಸಿವಿಗೆ ಕಚ್ಚುವುದಿಲ್ಲ, ಮಕ್ಕಳಿಗಾಗಿ ಕಚ್ಚುತ್ತವೆ. ಅವನ್ನು ಹಿಡಿದರೆ ಆ ಮುದ್ದೆ ಅವತ್ತು ಸಂಜೆಯೊಳಗೆ ಬೇರೆ ಮೀನುಗಳ ಹೊಟ್ಟೆ ಸೇರುತ್ತದೆ.

ಈ ಸುಳ್ಳು ಕಪ್ಪೆಯನ್ನು ಮೊದಲು ಮಾಡಿದವರು ಯಾರು ಎಂಬ ಕುತೂಹಲ ನನ್ನನ್ನು ಜೇಮ್ಸ್ ಹೆಡ್ಡನ್ ಬಳಿಗೆ ಒಯ್ದಿತು. ಗಾಳಗಾರರಿಗೆ ಈ ಹೆಸರು ಹೊಸದಲ್ಲ. ಹೆಡ್ಡನ್ ಹೆಸರಿನ ಹುಸಿಮೀನುಗಳು ಇವತ್ತಿಗೂ ಮಾರಾಟವಾಗುತ್ತವೆ. ಆದರೆ ಆ ಮನುಷ್ಯನ ಬದುಕಿನ ದೊಡ್ಡ ಪಾಲು ಮೀನಿನದಲ್ಲ, ಜೇನಿನದು ಎಂದು ತಿಳಿದಾಗ ನಾನು ಸ್ವಲ್ಪ ಹೊತ್ತು ಓದುವುದನ್ನು ನಿಲ್ಲಿಸಿ ಕೂತೆ. ಕಾರಣ ನನ್ನ ಅಪ್ಪ. ಅದಕ್ಕೆ ಆಮೇಲೆ ಬರುತ್ತೇನೆ.

ಹೆಡ್ಡನ್ ಹುಟ್ಟಿದ್ದು 1845ರಲ್ಲಿ, ನ್ಯೂಯಾರ್ಕ್ ರಾಜ್ಯದ ಜೆನೆಸೀ ಕಣಿವೆಯಲ್ಲಿ. ಹುಡುಗನಾಗಿದ್ದಾಗಲೇ ಮನೆಯವರು ಪಶ್ಚಿಮಕ್ಕೆ ಗುಳೆ ಹೊರಟು ಮಿಷಿಗನ್ ರಾಜ್ಯದ ನೈಋತ್ಯ ಮೂಲೆಯ ಡವಾಜಿಯಾಕ್ ಎಂಬ ಊರಿಗೆ ಬಂದರು. ರೈಲು ಹಳಿ ಬಂದದ್ದರಿಂದ ಹುಟ್ಟಿದ ಊರು ಅದು. ಹೆಸರು ಅಲ್ಲಿನ ಮೂಲನಿವಾಸಿಗಳಾದ ಪೊಟವಾಟಮಿ ಜನರ ಮಾತಿನಿಂದ ಬಂದದ್ದು. ನ್ಯೂಯಾರ್ಕಿನ ಬೀದಿಗಳ ಅನಾಥ ಮಕ್ಕಳನ್ನು ರೈಲಿಗೆ ಹತ್ತಿಸಿ, ದೂರದ ರೈತರ ಮನೆಗಳಿಗೆ ಹಂಚುವ ಏರ್ಪಾಡೊಂದು ಆ ದೇಶದಲ್ಲಿ ಮುಕ್ಕಾಲು ಶತಮಾನ ನಡೆಯಿತು. ಅಂಥ ಮೊದಲ ತಂಡ 1854ರಲ್ಲಿ ಇಳಿದದ್ದು ಇದೇ ಡವಾಜಿಯಾಕಿನಲ್ಲಿ. ನನ್ನ ಕಥೆಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಎಲ್ಲರೂ ಎಲ್ಲಿಂದಲೋ ಬಂದವರೇ ಆದ ಊರೊಂದರಲ್ಲಿ ಹೆಡ್ಡನ್ ಬೆಳೆದ ಎಂಬುದು ನಮ್ಮಂಥವರ ಗಮನಕ್ಕೆ ಬರಬೇಕಾದ ಸಂಗತಿ.

ಇಪ್ಪತ್ತರ ಹರೆಯದಲ್ಲಿ ಅವನು ಜೇನಿಗೆ ಇಳಿದ. ಆಗಿನ್ನೂ ಜೇನು ಸಾಕಣೆ ಹೊಸ ರೂಪ ತಾಳುತ್ತಿದ್ದ ಕಾಲ. ಪಾದ್ರಿ ಲ್ಯಾಂಗ್‌ಸ್ಟ್ರಾತ್ 1852ರಲ್ಲಿ ಚೌಕಟ್ಟುಗಳನ್ನು ಒಂದೊಂದಾಗಿ ಎತ್ತಿ ನೋಡಬಹುದಾದ ಪೆಟ್ಟಿಗೆಗೆ ಪೇಟೆಂಟ್ ಪಡೆದಿದ್ದರು. ಅದಕ್ಕೆ ಮುಂಚೆ ಜೇನು ಬೇಕೆಂದರೆ ಗೂಡನ್ನೇ ಒಡೆಯಬೇಕಿತ್ತು. ಬಹುಪಾಲು ರೈತರಿಗೆ ಹಿತ್ತಲಲ್ಲಿ ನಾಲ್ಕು ಪೆಟ್ಟಿಗೆ ಇದ್ದರೆ ಸಾಕಾಗಿತ್ತು. ಹೆಡ್ಡನ್ ಹಾಗಲ್ಲ. ಬೇರೆ ಏನೂ ಮಾಡದೆ, ಜೇನೊಂದನ್ನೇ ನಂಬಿ ಬದುಕಬಹುದು ಎಂದು ಹೊರಟ ಮೊದಮೊದಲಿಗರಲ್ಲಿ ಅವನೊಬ್ಬ. ನೂರಾರು ಕುಟುಂಬಗಳನ್ನು ಸಾಕಿದ. ಪೆಟ್ಟಿಗೆ, ಸಲಕರಣೆ ಮಾಡಿ ಮಾರಿದ. ಜೇನು ಪತ್ರಿಕೆಗಳಿಗೆ ಬಿಡದೆ ಬರೆದ. ವಾದ ಮಾಡುವುದರಲ್ಲಿ ಅವನಿಗೆ ದಣಿವೇ ಇರಲಿಲ್ಲ ಎಂದು ಕಾಣುತ್ತದೆ. ಚಳಿಗಾಲದಲ್ಲಿ ಹುಳುಗಳಿಗೆ ಭೇದಿ ಹತ್ತಿ ಸಾಯುವುದಕ್ಕೆ ಅವು ತಿನ್ನುವ ಪರಾಗವೇ ಕಾರಣ ಎಂದು ಹಟ ಹಿಡಿದು ವರ್ಷಗಟ್ಟಲೆ ಬರೆದ, ಉಳಿದವರು ಅಷ್ಟೇ ಹಟದಿಂದ ಅಲ್ಲಗಳೆದರು.

ಅವನ ಒಂದು ಉಪಾಯವನ್ನು ಅಪ್ಪನಿಗೆ ಫೋನಿನಲ್ಲಿ ವಿವರಿಸಿದೆ. ಕುಟುಂಬ ಪಾಲಾಗಿ ಹಳೆ ರಾಣಿಯೊಂದಿಗೆ ಒಂದು ಹಿಂಡು ಹಾರಿತು ಎನ್ನಿ. ಮೂಲ ಪೆಟ್ಟಿಗೆಯಲ್ಲಿ ಹೊಸ ರಾಣಿಗಳು ಕೋಶದಿಂದ ಹೊರಬರುವ ಹೊತ್ತಿಗೆ ಮತ್ತೆ ಮತ್ತೆ ಸಣ್ಣ ಹಿಂಡುಗಳು ಹಾರಿ, ಕಡೆಗೆ ಯಾವುದರಲ್ಲೂ ಬಲವಿಲ್ಲದಂತಾಗುತ್ತದೆ. ಹೆಡ್ಡನ್ ಹಾರಿದ ಹಿಂಡನ್ನು ಹಿಡಿದು ಹಳೆ ಜಾಗದಲ್ಲೇ ಹೊಸ ಪೆಟ್ಟಿಗೆಯಲ್ಲಿ ಕೂರಿಸುತ್ತಿದ್ದ. ಮೂಲ ಪೆಟ್ಟಿಗೆಯನ್ನು ಅದರ ಪಕ್ಕಕ್ಕಿಟ್ಟು, ಒಂದು ವಾರ ಬಿಟ್ಟು, ಹುಳುಗಳು ಮೇವಿಗೆ ಹೋದ ಹಗಲು ಹೊತ್ತಿನಲ್ಲಿ ದೂರಕ್ಕೆ ಸಾಗಿಸುತ್ತಿದ್ದ. ಮೇವಿಗೆ ಹೋದ ಹುಳುಗಳು ಹಳೆ ಜಾಗಕ್ಕೇ ಮರಳಿ ಹೊಸ ಹಿಂಡಿಗೆ ಸೇರಿಕೊಳ್ಳುತ್ತವೆ. ಮೂಲ ಪೆಟ್ಟಿಗೆಯಲ್ಲಿ ಮತ್ತೆ ಪಾಲಾಗುವಷ್ಟು ಜನಬಲ ಉಳಿಯುವುದಿಲ್ಲ. ಇದಕ್ಕೆ ಇಂದಿಗೂ ಹೆಡ್ಡನ್ ಪದ್ಧತಿ ಎಂದೇ ಹೆಸರು. ಅಪ್ಪ ಎಲ್ಲ ಕೇಳಿಸಿಕೊಂಡು, ತಾವೂ ಹೀಗೆ ಮಾಡಿದ್ದುಂಟು ಎಂದರು. ಯಾರು ಹೇಳಿಕೊಟ್ಟರೆಂದು ನೆನಪಿಲ್ಲವಂತೆ.

1885ರಲ್ಲಿ ಹೆಡ್ಡನ್ ತನ್ನದೇ ಒಂದು ಪೆಟ್ಟಿಗೆಗೆ ಪೇಟೆಂಟ್ ಪಡೆದ. ಅದೇ ವರ್ಷ ತನ್ನ ಅನುಭವದ ಮೇಲೆ ಒಂದು ಪುಸ್ತಕವನ್ನೂ ತಂದ. ಮರಿ ಬೆಳೆಯುವ ಕೋಣೆಯನ್ನು ಒಂದೇ ಆಳವಾದ ಪೆಟ್ಟಿಗೆಯಾಗಿ ಮಾಡದೆ, ಅಡ್ಡಲಾಗಿ ಸೀಳಿ ಎರಡು ತೆಳು ಪೆಟ್ಟಿಗೆ ಮಾಡಿದ. ಚೌಕಟ್ಟುಗಳನ್ನು ಪಕ್ಕದಿಂದ ತಿರುಪು ಕೊಟ್ಟು ಬಿಗಿದ. ಹಾಗಾಗಿ ಪೆಟ್ಟಿಗೆಯನ್ನು ಬೇಕಾದರೆ ತಲೆಕೆಳಗು ಮಾಡಬಹುದು, ಮೇಲಿನದನ್ನು ಕೆಳಗಿಡಬಹುದು. ಒಂದೊಂದೇ ಚೌಕಟ್ಟು ಎತ್ತಿ ನೋಡುತ್ತಾ ಕೂತರೆ ನೂರಾರು ಪೆಟ್ಟಿಗೆ ಇಟ್ಟವನಿಗೆ ದಿನ ಸಾಲದು, ಇಡೀ ಪೆಟ್ಟಿಗೆಯನ್ನೇ ಒಂದು ಅಂಗವೆಂದು ತಿಳಿದು ಕೆಲಸ ಮಾಡಬೇಕು ಎಂಬುದು ಅವನ ವಾದ. ಸಾಫ್ಟ್‌ವೇರ್ ಕೆಲಸ ಮಾಡುವವನಿಗೆ ಇದು ಬಹಳ ಪರಿಚಿತ ಆಲೋಚನೆ. ಪೇಟೆಂಟಿನ ವಿಷಯಕ್ಕೆ ಜಗಳಗಳೂ ಆದವು. ಸೀಳಿದ ಪೆಟ್ಟಿಗೆ ಅವನಿಗಿಂತ ಮುಂಚೆಯೂ ಇತ್ತು ಎಂದವರಿದ್ದರು. ಹೆಡ್ಡನ್ ಬಿಟ್ಟುಕೊಡುವ ಪೈಕಿ ಅಲ್ಲ. ಊರಿನ ಡವಾಜಿಯಾಕ್ ಟೈಮ್ಸ್ ಪತ್ರಿಕೆಯನ್ನೂ ಕೆಲ ಕಾಲ ನಡೆಸಿದವನು, ಬರೆದು ಹೊಡೆದಾಡುವುದು ಅವನಿಗೆ ಕರಗತ.

ಈಗ ಅಪ್ಪನ ವಿಷಯ. ನಮ್ಮ ತೋಟದಲ್ಲಿ ಅರವತ್ತು ಪೆಟ್ಟಿಗೆ ತುಡುವೆ ಜೇನು ಇತ್ತು. ಪೆಟ್ಟಿಗೆಗಳೆಲ್ಲ ಹಲಸಿನ ಹಲಗೆಯವು, ಅಪ್ಪನೇ ಆಚಾರಿಯ ಪಕ್ಕ ಕೂತು ಮಾಡಿಸಿದವು. ಅಡಿಕೆ ಮನೆಯ ಖರ್ಚಿಗೆ, ಜೇನು ನನ್ನ ಓದಿಗೆ ಎಂದು ಲೆಕ್ಕ. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣದ ತುಡುವೆ ಜೇನಿಗೆ ಬಡಿಯಿತು. ಕೊಡಗಿನಿಂದ ಉತ್ತರ ಕನ್ನಡದವರೆಗೆ ಪೆಟ್ಟಿಗೆಗಳು ಬರಿದಾದವು. ಮರಿಹುಳುಗಳು ನೀರು ತುಂಬಿದ ಚೀಲದಂತಾಗಿ, ತಲೆ ಮೇಲೆ ಮಾಡಿಕೊಂಡು ಕೋಣೆಯಲ್ಲೇ ಸಾಯುತ್ತಿದ್ದವು. ಔಷಧಿಯಿಲ್ಲ. ನಾನು ಶಿವಮೊಗ್ಗದಿಂದ ರಜೆಗೆ ಬಂದಾಗ ತೋಟದಲ್ಲಿ ಗುಂಯ್ ಸದ್ದಿರಲಿಲ್ಲ. ಅಪ್ಪ ಪೆಟ್ಟಿಗೆಗಳನ್ನು ತೊಳೆದು, ಬಿಸಿಲಿಗೊಣಗಿಸಿ, ಅಟ್ಟಕ್ಕೆ ಏರಿಸಿದ್ದರು. ಆಗ ಅವರಿಗೆ 48. ಆಮೇಲೆ ಜೇನು ಚೇತರಿಸಿಕೊಂಡಿತು, ಸುತ್ತಲಿನವರು ಮತ್ತೆ ಶುರುಮಾಡಿದರು, ಅಪ್ಪ ಮಾಡಲಿಲ್ಲ. ಯಾಕೆಂದು ನಾನು ಕೇಳಲಿಲ್ಲ. ಓದು ಮುಗಿಸಿ ಹೈದರಾಬಾದಿನ ರೈಲು ಹತ್ತಿದೆ.

ಹೆಡ್ಡನ್ ಮೀನಿನ ಕಡೆ ತಿರುಗಿದ ಕಥೆಯನ್ನು ಡವಾಜಿಯಾಕಿನಲ್ಲಿ ಎಲ್ಲರೂ ಒಂದೇ ರೀತಿ ಹೇಳುತ್ತಾರೆ. ಊರ ಗಿರಣಿಯ ಕೊಳದ ದಂಡೆಯಲ್ಲಿ ಗೆಳೆಯನಿಗಾಗಿ ಕಾಯುತ್ತಾ ಕೂತಿದ್ದನಂತೆ. ಕೈಯಲ್ಲಿ ಚಾಕು, ಒಂದು ಕಟ್ಟಿಗೆ ತುಂಡು. ಸುಮ್ಮನೆ ಕೆತ್ತುತ್ತಾ ಕೂತವನು ಗೆಳೆಯ ಬಂದಾಗ ಅದನ್ನು ನೀರಿಗೆಸೆದನಂತೆ. ತೇಲುತ್ತಿದ್ದ ಆ ತುಂಡನ್ನು ದೊಡ್ಡ ಬಾಸ್ ಮೀನೊಂದು ಬಂದು ಹಾರಿಸಿ ಹೊಡೆಯಿತಂತೆ. ನನಗೆ ಇದರಲ್ಲಿ ಪೂರ್ತಿ ನಂಬಿಕೆಯಿಲ್ಲ. ನ್ಯೂಟನ್ನನ ಸೇಬಿನ ಹಾಗೆ ಇದು ಹೇಳಿ ಹೇಳಿ ನುಣುಪಾದ ಕಥೆ. ಆದರೆ ಬಾಸ್ ಮೀನು ಹಸಿವಿಲ್ಲದಿದ್ದರೂ, ತನ್ನ ಜಾಗಕ್ಕೆ ಬಂದ ವಸ್ತುವನ್ನು ಸಿಟ್ಟಿನಿಂದ ಹೊಡೆಯುತ್ತದೆ ಎಂಬುದು ನಿಜ. ನಮ್ಮ ಕೊರವನಿಗೂ ಅದೇ ಗುಣ. ಮೀನು ತಿನ್ನುವುದಕ್ಕೆ ಮಾತ್ರ ಕಚ್ಚುವುದಿಲ್ಲ, ಹಾಗಾಗಿ ತಿನ್ನಲು ಬಾರದ್ದನ್ನೂ ಕಟ್ಟಬಹುದು ಎಂದು ಯಾರಿಗಾದರೂ ಹೊಳೆದಿದ್ದರೆ ಆ ಹೊಳಹು ಸಣ್ಣದಲ್ಲ.

ಹುಸಿಮೀನು ಅವನಿಗಿಂತ ಮುಂಚೆ ಇರಲಿಲ್ಲವೆಂದಲ್ಲ. ಜೂಲಿಯೊ ಬ್ಯೂಯೆಲ್ ಎಂಬವನು ಚಮಚದ ಆಕಾರದ ಲೋಹದ ತುಂಡಿಗೆ 1852ರಲ್ಲೇ ಪೇಟೆಂಟ್ ಪಡೆದಿದ್ದ. ಆದರೆ ಬಾಸ್ ಹಿಡಿಯುವ ಸಾಮಾನ್ಯ ಜನ ಆಗ ಬಳಸುತ್ತಿದ್ದದ್ದು ಸಣ್ಣ ಜೀವಂತ ಮೀನು, ಇಲ್ಲವೇ ಜೀವಂತ ಕಪ್ಪೆ. 1898ರ ಸುಮಾರಿಗೆ ಹೆಡ್ಡನ್ ಮರದಲ್ಲಿ ಕಪ್ಪೆಗಳನ್ನು ಕೆತ್ತಿದ. ಚಾಕುವಿನಿಂದ ಒಂದೊಂದಾಗಿ ಕೆತ್ತಿ, ಬಣ್ಣ ಬಳಿದು, ಗಾಳ ಕೂರಿಸಿದ. ಮಾರಲಿಲ್ಲ. ಗೆಳೆಯರಿಗೆ ಕೊಟ್ಟ. ಈಗ ಉಳಿದಿರುವವು ಬೆರಳೆಣಿಕೆಯಷ್ಟು. ಸಂಗ್ರಾಹಕರು ಅವಕ್ಕೆ ಕಾರಿಗೆ ಕೊಡುವಷ್ಟು ದುಡ್ಡು ಕೊಡುತ್ತಾರೆ. ನಾನು ಅದರ ಚಿತ್ರ ಮಾತ್ರ ನೋಡಿದ್ದೇನೆ. ನೋಡಲು ಅಂಥ ಚಂದವೇನಲ್ಲ, ನನ್ನ ಡ್ರಾಯರಿನ ಕಪ್ಪೆಯೇ ಹೆಚ್ಚು ಕಪ್ಪೆಯಂತಿದೆ. ಮರದ ಕಪ್ಪೆಯನ್ನು ಕೈಯಲ್ಲಿ ಹಿಡಿದ ಗೆಳೆಯರು ನಕ್ಕಿರಬೇಕು. ಐವತ್ತು ದಾಟಿದ, ಊರಿಗೆಲ್ಲ ಬುದ್ಧಿ ಹೇಳುವ ಜೇನುಗಾರ ಮಕ್ಕಳಾಟದ ಗೊಂಬೆ ಕೆತ್ತುತ್ತಾ ಕೂತರೆ ಯಾರು ತಾನೇ ನಗುವುದಿಲ್ಲ?

ಅವನು ಕಂಪನಿ ಶುರುಮಾಡಿದ್ದು 56ನೇ ವಯಸ್ಸಿನಲ್ಲಿ. 1902ರ ಏಪ್ರಿಲ್ ಒಂದರಂದು ಪೇಟೆಂಟ್ ಸಿಕ್ಕಿತು. ತಾರೀಖು ಓದಿ ನನಗೂ ನಗು ಬಂತು. ಅದು ಕಪ್ಪೆಯದಲ್ಲ, ಮೂತಿ ಓರೆಯಾಗಿ ಕತ್ತರಿಸಿದ ಮರದ ಮೀನಿನದು. ಕುತ್ತಿಗೆಗೆ ಲೋಹದ ಪಟ್ಟಿ, ಎಳೆದರೆ ನೀರು ಚಿಮ್ಮುತ್ತದೆ. ಮನೆಯ ಅಡುಗೆಮನೆಯಲ್ಲೇ ಕೆಲಸ ಶುರುವಾಯಿತು ಎನ್ನುತ್ತಾರೆ. ಹಲಗೆ ಪೆಟ್ಟಿಗೆ ಮಾಡುತ್ತಿದ್ದ ಮನೆಗೆ ಮರಗೆಲಸವೇನೂ ಹೊಸದಲ್ಲವಲ್ಲ. ಮಗ ವಿಲಿಯಂ ಜತೆ ಸೇರಿದ. ಮುಂದೆ ಅವನು ಫ್ಲಾರಿಡಾಕ್ಕೆ ಹೋಗಿ ನೆಲೆಸಿ, ಅಲ್ಲಿನ ಕೆರೆಗಳಲ್ಲಿ ಹೊಸ ಮಾದರಿಗಳನ್ನು ಎಸೆದು ನೋಡಿ, ಯಾವುದು ನಡೆಯುತ್ತದೆ ಯಾವುದು ಇಲ್ಲ ಎಂದು ತಂದೆಗೆ ತಿಳಿಸುತ್ತಿದ್ದ. ಮಿಷಿಗನ್ನಿನಲ್ಲಿ ಕೆರೆಗಳು ಹೆಪ್ಪುಗಟ್ಟಿದಾಗಲೂ ಹೀಗೆ ಪರೀಕ್ಷೆ ನಡೆಯುತ್ತಿತ್ತು. ಇನ್ನೊಬ್ಬ ಮಗ ಚಾರ್ಲ್ಸ್ ವ್ಯಾಪಾರ ನೋಡಿಕೊಂಡ. ಕೆಲವೇ ವರ್ಷಗಳಲ್ಲಿ ಡವಾಜಿಯಾಕ್ ಮಿನ್ನೊ ಎಂಬ ಹೆಸರು ಆ ದೇಶದ ಗಾಳಗಾರರ ಬಾಯಲ್ಲೆಲ್ಲ ಓಡಾಡಿತು. ಮರದ ಮೇಲೆ ಪದರ ಪದರವಾಗಿ ಹೊಳೆಯುವ ಬಣ್ಣ, ಗಾಜಿನ ಕಣ್ಣು, ಒಂದೊಂದಕ್ಕೆ ಐದೈದು ಮುಮ್ಮೊನೆ ಗಾಳ. ಅಷ್ಟು ಗಾಳ ಅತಿಯಾಯಿತು ಎಂದು ನನ್ನ ಅಭಿಪ್ರಾಯ.

ಹೆಡ್ಡನ್ 1911ರಲ್ಲಿ ತೀರಿಕೊಂಡ. ಕಂಪನಿ ಶುರುವಾಗಿ ಒಂಬತ್ತು ವರ್ಷವಾಗಿತ್ತು ಅಷ್ಟೆ. ಅದಕ್ಕಿಂತ ಎಷ್ಟೋ ಹೆಚ್ಚು ವರ್ಷ ಅವನು ಜೇನಿನ ಜತೆಗಿದ್ದ. ಆದರೆ ಜನರ ನೆನಪಿನಲ್ಲಿ ಉಳಿದದ್ದು ಆ ಒಂಬತ್ತು ವರ್ಷ. ಸೀಳಿದ ಪೆಟ್ಟಿಗೆ, ಪರಾಗದ ವಾದ ಎಲ್ಲ ಹಳೆ ಜೇನು ಪತ್ರಿಕೆ ತಿರುವಿ ಹಾಕುವವರಿಗೆ ಮಾತ್ರ ಗೊತ್ತು.

ಕಪ್ಪೆ ಮತ್ತೆ ಬಂದದ್ದು 1927ರಲ್ಲಿ, ಮಕ್ಕಳ ಕಾಲದಲ್ಲಿ. ಲೂನಿ ಫ್ರಾಗ್ ಎಂದು ಹೆಸರು, ಪೈರಲಿನ್ ಎಂಬ ಆ ಕಾಲದ ಪ್ಲಾಸ್ಟಿಕ್ಕಿನಲ್ಲಿ ಮಾಡಿದ್ದು. ಕಾಲುಗಳೆರಡನ್ನೂ ಚಾಚಿಕೊಂಡ, ಬಹಳ ಚಂದದ ಕಪ್ಪೆ. ತೊಂದರೆಯೆಂದರೆ ಕಲ್ಲಿಗೋ ದೋಣಿಗೋ ತಾಗಿದರೆ ಕಾಲು ಮುರಿಯುತ್ತಿತ್ತು. ಆಮೇಲೆ ಎರಡು ಕಾಲಿನ ನಡುವಿನ ಸಂದನ್ನು ಮುಚ್ಚಿ ಗಟ್ಟಿ ಮಾಡಿದರು, ಆದರೂ ಹೆಚ್ಚು ವರ್ಷ ಬಾಳಲಿಲ್ಲ. ಕಪ್ಪೆಗೆ ಬೇಕಾದದ್ದು ಗಟ್ಟಿತನವಲ್ಲ, ಮೆತ್ತಗಿರುವುದು ಎಂದು ತಿಳಿಯಲು ಇನ್ನೂ ಇಪ್ಪತ್ತೆರಡು ವರ್ಷ ಬೇಕಾಯಿತು. 1949ರಲ್ಲಿ ಒಹಾಯೊದ ಆಕ್ರನ್ ಊರಿನ ನಿಕ್ ಕ್ರೀಮ್ ಎಂಬವನು ಹೆಂಡತಿಯ ಜತೆ ಅಡುಗೆಮನೆಯ ಒಲೆಯ ಮೇಲೆ ಪ್ಲಾಸ್ಟಿಕ್ ಕಾಯಿಸಿ, ಎರೆಹುಳುವಿನ ಅಚ್ಚಿಗೆ ಎರೆದ. ತಣ್ಣಗಾದ ಮೇಲೂ ಮೆತ್ತಗೆ ಉಳಿಯಿತು. ಇಂದಿನ ಎಲ್ಲ ಮೆತ್ತನೆ ಹುಳು, ಹಲ್ಲಿ, ಕಪ್ಪೆಗಳೂ ಆ ಒಲೆಯಿಂದ ಬಂದವು. ಮೀನಿನ ಬಾಯಿಗೆ ಮೆತ್ತಗೆ ಸಿಕ್ಕಿದ್ದನ್ನು ಅದು ಕೂಡಲೇ ಉಗುಳುವುದಿಲ್ಲ. ಆ ಒಂದೆರಡು ಕ್ಷಣವೇ ನಾನು ಮೊದಲು ಹೇಳಿದ ಒಂದು, ಎರಡು ಎಣಿಕೆ.

ಡವಾಜಿಯಾಕನ್ನು ನಾನು ನೋಡಿದ್ದೇನೆ. ಎಂಟು ವರ್ಷದ ಹಿಂದೆ ಕೆಲಸದ ಮೇಲೆ ಐದು ತಿಂಗಳು ಷಿಕಾಗೋದಲ್ಲಿದ್ದೆ. ಒಂದು ದಿನ ಬೆಳಗಿನ ರೈಲು ಹತ್ತಿ ಹೊರಟೆ. ಸುಮಾರು ಎರಡು ಗಂಟೆಯ ದಾರಿ, ಆದರೆ ಗಡಿ ದಾಟುವಾಗ ಗಡಿಯಾರ ಒಂದು ಗಂಟೆ ಮುಂದೆ ಓಡುತ್ತದೆ. ಊರಿನ ಹೆಸರನ್ನು ನಾನು ತಪ್ಪಾಗಿ ಹೇಳಿ, ಟಿಕೆಟ್ ನೋಡುವವರು ತಿದ್ದಿದರು. ಇಳಿದವನು ನಾನೊಬ್ಬನೇ. ಹಳೆ ಕಾರ್ಖಾನೆ ಕಟ್ಟಡದಲ್ಲಿ ಹೆಡ್ಡನ್ ವಸ್ತುಸಂಗ್ರಹಾಲಯವಿತ್ತು. ಗೋಡೆ ತುಂಬ ಗಾಜಿನ ಹಿಂದೆ ಮೀನುಗಳು, ಒಂದೊಂದರ ಬಣ್ಣವೂ ನಿನ್ನೆ ಬಳಿದಂತೆ. ಕಂಪನಿ ಕೈ ಬದಲಾಗಿ, ಉತ್ಪಾದನೆ ಬೇರೆ ರಾಜ್ಯಕ್ಕೆ ಹೋಗಿ ಎಷ್ಟೋ ವರ್ಷವಾಗಿದೆ. ಆಮೇಲೆ ಕೊಳದ ಹತ್ತಿರ ಹೋಗಿ ಕೂತೆ. ಸಾಧಾರಣ ಕೊಳ, ದಂಡೆಯಲ್ಲಿ ಜೊಂಡು. ನಮ್ಮ ಕಡೆಯ ಕೆರೆಯ ಹಾಗೇ ಇತ್ತು. ಸಂಜೆ ರೈಲಿಗೆ ಮೂರು ಗಂಟೆ ಇತ್ತು, ಕೈಯಲ್ಲಿ ಕೋಲಿಲ್ಲ. ಒಂದು ಕಡ್ಡಿ ಮುರಿದು ನೀರಿಗೆಸೆದೆ. ಏನೂ ಆಗಲಿಲ್ಲ.

ಈ ಬೇಸಿಗೆಯಲ್ಲಿ ಊರಿಗೆ ಹೋದಾಗ ಅರ್ಜಿಯ ವಿಷಯವನ್ನು ಅಪ್ಪನಿಗೆ ಹೇಳಬೇಕೆಂದುಕೊಂಡಿದ್ದೆ. ಹೇಳಲು ಹೋಗಿ ಹೆಡ್ಡನ್ ಕಥೆ ಹೇಳಿದೆ. 56ಕ್ಕೆ ಹೊಸ ಕಸುಬು ಹಿಡಿದ ಎಂಬಲ್ಲಿಗೆ ಬಂದಾಗ ಅವರು ಅಡಕೆ ಕತ್ತರಿಸುವುದನ್ನು ನಿಲ್ಲಿಸಿ, ಅವನ ಹುಳುಗಳಿಗೆ ಏನಾಯಿತು ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅದನ್ನು ಕೇಳಬೇಕೆಂದು ಇಷ್ಟು ವರ್ಷ ನನಗೆ ಹೊಳೆದೇ ಇರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ, ರೋಗ ಬಂದ ವರ್ಷ ನನ್ನ ಫೀಸು ಕಟ್ಟಲು ಕೊಂಡ ಸಾಲದ ಲೆಕ್ಕ ಹೇಳಿದರು. ಅದು ತೀರುವಷ್ಟರಲ್ಲಿ ಜೇನಿನ ಆಸೆಯೂ ತೀರಿತ್ತು ಎಂದರು. ದೂರುವ ದನಿಯಲ್ಲಿ ಹೇಳಲಿಲ್ಲ, ಮಳೆ ಲೆಕ್ಕ ಹೇಳಿದ ಹಾಗೆ ಹೇಳಿದರು.

ಹೊರಡುವ ದಿನ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿಕೊಟ್ಟರು. ನಾನು ಕೇಳಿದ್ದಕ್ಕೆ ಕಾರಣವೂ ಇತ್ತು. ಮೆತ್ತನೆ ಪ್ಲಾಸ್ಟಿಕ್ಕಿನ ಕಪ್ಪೆಗಳನ್ನು ಬೇರೆ ಜಾತಿಯ ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿಯಲ್ಲಿಟ್ಟರೆ ಒಂದಕ್ಕೊಂದು ತಾಗಿದ ಕಡೆ ಎರಡೂ ಕರಗಿ ಅಂಟಿಕೊಳ್ಳುತ್ತವೆ. ಹಾಗೆ ನನ್ನ ನಾಲ್ಕು ಕಪ್ಪೆಗಳು ಒಂದೇ ಬೇಸಿಗೆಯಲ್ಲಿ ಮುದ್ದೆಯಾದವು. ಮರಕ್ಕೆ ಆ ತೊಂದರೆಯಿಲ್ಲ. ಅಪ್ಪ ಚೌಕಟ್ಟು ಕೂರುವ ಗಾಡಿಗಳನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮುಚ್ಚಳ ಸರಿಯಾಗಿ ಕೂರುತ್ತದೆಯೇ ಎಂದು ಎರಡು ಸಲ ನೋಡಿ, ಬಸ್ಸಿನಲ್ಲಿ ಕಾಲ ಬಳಿ ಇಟ್ಟುಕೊಳ್ಳಲು ಹೇಳಿದರು. ಮೂವತ್ತು ವರ್ಷದ ಮೇಲೂ ಒಳಗೆ ಸಣ್ಣದಾಗಿ ಮೇಣದ ವಾಸನೆ ಇದೆ.

ಅದು ಈಗ ಫ್ಲ್ಯಾಟಿನ ಬಾಲ್ಕನಿಯಲ್ಲಿದೆ. ಕಪ್ಪೆಗಳು ಒಳಗಿವೆ, ಡ್ರಾಯರಿನ ಹಸಿರಿನದನ್ನೂ ತಂದು ಹಾಕಿದ್ದೇನೆ. ಅರ್ಜಿ ಕೊಡಲು ಈ ತಿಂಗಳ ಮೂವತ್ತು ಕೊನೆಯ ದಿನ. ಇನ್ನೂ ತುಂಬಿಲ್ಲ. ಕಳೆದ ಭಾನುವಾರ ಕೆರೆಯಲ್ಲಿ ತಾವರೆ ಎಲೆಯ ಸಂದಿನಲ್ಲಿ ಒಂದು ದೊಡ್ಡದು ನೀರು ಸಿಡಿಸಿತು. ನಾನು ಎಣಿಸಲು ಮರೆತು ಎಳೆದುಬಿಟ್ಟೆ. ಕಪ್ಪೆ ಹಾರಿ ಬಂದು ಎದೆಗೆ ತಾಗಿತು. ಅದನ್ನು ಮತ್ತೆ ನೆಟ್ಟಗೆ ಮಾಡಿ, ಮೊನೆಯನ್ನು ಬೆನ್ನೊಳಗೆ ಹುದುಗಿಸಿ, ಅದೇ ಎಲೆಯ ಹತ್ತಿರಕ್ಕೆ ಇನ್ನೊಂದು ಸಲ ಎಸೆದೆ.